ಎಸ್ತೇರಳ ಚಿತ್ರಸುರುಳಿ

ಚಿತ್ರಕಲೆಯ ವಿಷಯವಾಗಿ ಬಾನುಲಿಯಲ್ಲಿ ಮಾತನಾಡುವುದು ಒಂದು ಬಗೆಯಲ್ಲಿ ಸಾಹಸವೇ ಸರಿ. ಕಣ್ಣಿಗೆ ಸೇರಿದ್ದನ್ನು ಕಿವಿಯ ಮೂಲಕ ದಾಟಿಸಬೇಕಾಗುತ್ತದೆ. ಆದರೆ ಈ ದಿನ ನಾನು ಹೇಳಹೊರಟಿರುವ ವಸ್ತುವಿನ ಮಟ್ಟಿಗೆ ಆ ತೊಡಕು ಅಷ್ಟು ದೊಡ್ಡದಲ್ಲ. ಅದು ಮೂಲತಃ ಕೇಳುವುದಕ್ಕಾಗಿಯೇ ಬರೆದ ಗ್ರಂಥ. ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರ, ಪೂರಿಮ್ ಎಂಬ ಹಬ್ಬದ ಹಿಂದಿನ ಸಂಜೆಯೊಮ್ಮೆ, ಮರುದಿನ ಬೆಳಿಗ್ಗೆಯೊಮ್ಮೆ ಒಬ್ಬರು ಅದನ್ನು ಗಟ್ಟಿಯಾಗಿ ಓದಬೇಕು. ಉಳಿದವರು, ಗಂಡಸರಾಗಲಿ ಹೆಂಗಸರಾಗಲಿ, ಒಂದು ಪದವೂ ತಪ್ಪದಂತೆ ಕೇಳಬೇಕು. ಹೀಗೆ ಕಿವಿಗಾಗಿ ಹುಟ್ಟಿದ ಗ್ರಂಥವು ಹದಿನಾರನೆಯ ಶತಮಾನದಿಂದೀಚೆಗೆ ಯೂರೋಪಿನ ಯೆಹೂದ್ಯರ ಮನೆಗಳಲ್ಲಿ ಕಣ್ಣಿನ ಹಬ್ಬವೂ ಆಯಿತು. ಹಳೆಯ ಒಡಂಬಡಿಕೆಯಲ್ಲಿರುವ ಎಸ್ತೇರಳ ಪುಸ್ತಕ ಅದು. ತೊಗಲಿನ ಸುರುಳಿಯ ಮೇಲೆ ಬರೆದಾಗ ಅದಕ್ಕೆ ಮೆಗಿಲ್ಲಾ ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ಮೆಗಿಲ್ಲಾ ಎಂದರೆ ಸುರುಳಿ ಎಂದೇ ಅರ್ಥ.

ಕಥೆಯನ್ನು ಸಂಕ್ಷೇಪವಾಗಿ ನೆನೆದುಕೊಳ್ಳೋಣ. ಪಾರಸಿಕ ದೇಶದ ಅರಸನಾದ ಅಹಷ್ವೇರೋಷನು ಶೂಷನ್ ನಗರದ ಅರಮನೆಯಲ್ಲಿ ಔತಣ ನಡೆಸುತ್ತ, ಪಾನಮತ್ತನಾಗಿ, ರಾಣಿ ವಷ್ಟಿಯು ಸಭೆಗೆ ಬಂದು ತನ್ನ ಚೆಲುವನ್ನು ತೋರಿಸಬೇಕೆಂದು ಆಜ್ಞಾಪಿಸುತ್ತಾನೆ. ಆಕೆ ಬರಲೊಲ್ಲೆನೆಂದು ಪದವಿಯನ್ನು ಕಳೆದುಕೊಳ್ಳುತ್ತಾಳೆ. ಅವಳ ಸ್ಥಾನಕ್ಕೆ ಬಂದವಳು ಎಸ್ತೇರ್, ತಂದೆತಾಯಿಯಿಲ್ಲದೆ ಬಂಧುವಾದ ಮೊರ್ದೆಕೈಯ ಆಶ್ರಯದಲ್ಲಿ ಬೆಳೆದ ಯೆಹೂದ್ಯ ಹುಡುಗಿ. ತನ್ನ ಕುಲ ಯಾವುದೆಂಬುದನ್ನು ಅವಳು ಅರಮನೆಯಲ್ಲಿ ಯಾರಿಗೂ ತಿಳಿಸುವುದಿಲ್ಲ. ಇತ್ತ ಮಂತ್ರಿಯಾದ ಹಾಮಾನನು ಮೊರ್ದೆಕೈ ತನಗೆ ಅಡ್ಡಬೀಳಲಿಲ್ಲವೆಂದು ಕೆರಳಿ, ಸಾಮ್ರಾಜ್ಯದಲ್ಲಿರುವ ಯೆಹೂದ್ಯರನ್ನೆಲ್ಲ ಒಂದೇ ದಿನ ಕೊಲ್ಲಿಸುವ ಅಪ್ಪಣೆಗೆ ರಾಜಮುದ್ರೆ ಒತ್ತಿಸುತ್ತಾನೆ. ಆ ದಿನವನ್ನು ಗೊತ್ತುಮಾಡಲು ಅವನು ಹಾಕಿಸಿದ ಚೀಟಿಗೆ ‘ಪೂರ್’ ಎಂದು ಹೆಸರು. ಹಬ್ಬದ ಹೆಸರು ಬಂದದ್ದು ಅಲ್ಲಿಂದಲೇ. ಕರೆಯಿಲ್ಲದೆ ಅರಸನ ಎದುರು ನಿಂತವರಿಗೆ ಮರಣವೇ ದಂಡನೆಯೆಂದು ತಿಳಿದೂ ಎಸ್ತೇರ್ ಹೋಗಿ ನಿಲ್ಲುತ್ತಾಳೆ, ತನ್ನವರ ಪ್ರಾಣವನ್ನು ಬೇಡುತ್ತಾಳೆ. ಮೊರ್ದೆಕೈಗಾಗಿ ಹಾಮಾನನು ನೆಡಿಸಿದ್ದ ೫೦ ಮೊಳ ಎತ್ತರದ ಗಲ್ಲುಮರಕ್ಕೆ ಕೊನೆಯಲ್ಲಿ ಹಾಮಾನನೇ ಏರಬೇಕಾಗುತ್ತದೆ.

ಇದು ೧೦ ಅಧ್ಯಾಯಗಳ, ೧೬೭ ವಾಕ್ಯಗಳ ಚಿಕ್ಕ ಪುಸ್ತಕ. ಇದರಲ್ಲಿ ಒಂದು ವೈಚಿತ್ರ್ಯವಿದೆ. ‘ಅರಸ’ ಎಂಬ ಶಬ್ದ ನೂರಕ್ಕೂ ಹೆಚ್ಚು ಬಾರಿ ಬರುವ ಈ ಪುಸ್ತಕದ ಹೀಬ್ರೂ ಪಾಠದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ಬರಿಯ ಪಾಂಡಿತ್ಯದ ಕುತೂಹಲವಾಗಿ ತೋರುವ ಈ ಸಂಗತಿಗೂ ನಮ್ಮ ಚಿತ್ರಗಳಿಗೂ ಹತ್ತಿರದ ಸಂಬಂಧವುಂಟು.

ಸಂಬಂಧ ಏನೆಂದು ತಿಳಿಯಬೇಕಾದರೆ ಯೆಹೂದ್ಯರ ಪರಮಪವಿತ್ರ ಸುರುಳಿಯಾದ ತೋರಾವನ್ನು ಮೊದಲು ನೋಡಬೇಕು. ಮೋಶೆಯ ಐದು ಪುಸ್ತಕಗಳನ್ನೊಳಗೊಂಡ ತೋರಾದಲ್ಲಿ ೩,೦೪,೮೦೫ ಅಕ್ಷರಗಳಿವೆ. ಅಷ್ಟನ್ನೂ ಸೋಫೆರ್ ಎಂದು ಕರೆಯಲಾಗುವ ಲಿಪಿಕಾರನು ಶುದ್ಧ ಪ್ರಾಣಿಯ ಹದಮಾಡಿದ ತೊಗಲಿನ ಮೇಲೆ ಕೈಯಿಂದಲೇ ಬರೆಯಬೇಕು. ಎಷ್ಟೇ ಕಂಠಪಾಠವಾಗಿದ್ದರೂ ನೆನಪಿನಿಂದ ಬರೆಯುವಂತಿಲ್ಲ. ಎದುರಿಗೊಂದು ಮಾತೃಕೆಯನ್ನಿಟ್ಟುಕೊಂಡು, ಪದವನ್ನು ಬಾಯಿಬಿಟ್ಟು ಉಚ್ಚರಿಸಿ, ಆಮೇಲೆ ಲೇಖನಿಯನ್ನು ಊರಬೇಕು. ಒಂದಕ್ಷರ ಇನ್ನೊಂದಕ್ಕೆ ತಗಲಿದರೆ ಸುರುಳಿ ಓದುವುದಕ್ಕೆ ಅನರ್ಹ. ದೇವರ ನಾಮವನ್ನು ಬರೆಯುವಾಗ ತಪ್ಪಾದರೆ ಅದನ್ನು ಕೆರೆದು ತಿದ್ದುವಂತೆಯೂ ಇಲ್ಲ. ಆ ಹಾಳೆಯನ್ನೇ ತೆಗೆದಿಟ್ಟು ಹೊಸ ಹಾಳೆ ಬರೆಯಬೇಕು. ಇಂಥ ಸುರುಳಿಯಲ್ಲಿ ಚಿತ್ರಕ್ಕೆ ಸ್ಥಳವೆಲ್ಲಿ? ಕೆಲವು ಅಕ್ಷರಗಳ ನೆತ್ತಿಯ ಮೇಲೆ ಕಿರೀಟದಂತಿರುವ ಸಣ್ಣ ಗೀಟುಗಳನ್ನುಳಿದು ಅಲ್ಲಿ ಯಾವ ಅಲಂಕಾರವೂ ಇಲ್ಲ. ಆ ಗೀಟುಗಳು ಕೂಡ ಲಿಪಿಕಾರನ ಇಷ್ಟಕ್ಕೆ ಸೇರಿದವಲ್ಲ, ವಿಧಿಗೆ ಸೇರಿದವು. ಸುರುಳಿಯ ಮೇಲ್ಹೊದಿಕೆಯ ಮಖಮಲ್ಲು, ಬೆಳ್ಳಿಯ ಮುಕುಟ, ಓದುವಾಗ ಸಾಲನ್ನು ತೋರಿಸುವ ಬೆಳ್ಳಿಯ ಕೈ, ಇವುಗಳಲ್ಲಿ ಮಾತ್ರ ಕುಶಲಕರ್ಮಿ ತನ್ನ ಆಸೆಯನ್ನು ತೀರಿಸಿಕೊಳ್ಳಬೇಕು.

ಎಸ್ತೇರಳ ಸುರುಳಿಗೂ ಕಟ್ಟಳೆಗಳಿವೆ. ಅದನ್ನೂ ತೊಗಲಿನ ಮೇಲೆ, ಮಸಿಯಿಂದ, ಕೈಯಿಂದ ಬರೆಯಬೇಕು. ಬರೆಯುವ ಮುನ್ನ ಮೊನೆಯುಳ್ಳ ಸಲಾಕೆಯಿಂದ, ಬಣ್ಣವಿಲ್ಲದೆ, ತೊಗಲಿನಲ್ಲಿ ಗೆರೆಗಳನ್ನು ಅಚ್ಚೊತ್ತಬೇಕು. ಮಸಿಯನ್ನು ಸಾಮಾನ್ಯವಾಗಿ ಮಾಚಿಕಾಯಿ, ಅನ್ನಭೇದಿ ಮತ್ತು ಗೋಂದನ್ನು ಸೇರಿಸಿ ಕಾಯಿಸುತ್ತಿದ್ದರು. ಜರ್ಮನಿ ಪೋಲೆಂಡುಗಳ ಕಡೆಯವರಿಗೆ ಹಕ್ಕಿಯ ಗರಿ, ಪೂರ್ವದೇಶಗಳ ಕಡೆಯವರಿಗೆ ಜೊಂಡಿನ ಕಡ್ಡಿ ಲೇಖನಿಯಾಗಿತ್ತು. ಆದರೆ ತೋರಾದ ಭಾರ ಈ ಸುರುಳಿಗಿಲ್ಲ. ಇದರಲ್ಲಿ ದೇವರ ನಾಮವಿಲ್ಲದ್ದರಿಂದ ಬರೆಯುವ ಕೈ ಅಷ್ಟೊಂದು ನಡುಗಬೇಕಾಗಿಲ್ಲ. ತೋರಾ ಸಭಾಮಂದಿರದ ಸ್ವತ್ತು. ಎಸ್ತೇರಳ ಸುರುಳಿಯನ್ನು ಗೃಹಸ್ಥರು ತಮ್ಮದಾಗಿ ಬರೆಯಿಸಿ ಮನೆಯಲ್ಲಿ ಇಟ್ಟುಕೊಳ್ಳಬಹುದು. ಮಂದಿರದಲ್ಲಿ ಎಲ್ಲರಿಗಾಗಿ ಓದುವ ಸುರುಳಿ ಬಹುಮಟ್ಟಿಗೆ ಅಲಂಕಾರವಿಲ್ಲದ್ದೇ ಆಗಿರುತ್ತಿತ್ತು. ಕುಳಿತು ಕೇಳುತ್ತ ತಮ್ಮ ಪ್ರತಿಯಲ್ಲಿ ಕಣ್ಣಾಡಿಸುವವರ ಸುರುಳಿಗಳಲ್ಲಿ ಚಿತ್ರಗಳು ಬಂದವು. ಅಕ್ಷರಗಳ ಕಂಬಕ್ಕೂ ತೊಗಲಿನ ಅಂಚಿಗೂ ನಡುವೆ ಶಾಸ್ತ್ರ ಸುಮ್ಮನೆ ಬಿಟ್ಟಿದ್ದ ಒಂದು ಗೇಣಿನಷ್ಟು ಬಯಲಿನಲ್ಲಿ ಒಂದು ಕಲೆಯೇ ಬೆಳೆಯಿತು.

ಆ ಬಯಲಿಗೆ ಹೋಗುವ ಮೊದಲು, ಬರವಣಿಗೆಯ ಒಳಗೇ ಲಿಪಿಕಾರರು ತೋರಿಸಿದ ಚಮತ್ಕಾರವನ್ನು ಹೇಳಬೇಕು. ಹಾಮಾನನ ಹತ್ತು ಮಕ್ಕಳ ಹೆಸರು ಬರುವಲ್ಲಿ ಬರವಣಿಗೆ ಎರಡಾಗಿ ಸೀಳುತ್ತದೆ. ಬಲಗಡೆ ಒಂದರ ಕೆಳಗೊಂದು ಹೆಸರು, ಎಡಗಡೆ ಹೆಸರುಗಳನ್ನು ಜೋಡಿಸುವ ‘ಮತ್ತು’ ಎಂಬ ಪದ, ನಡುವೆ ಬರಿದು. ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನು ನೇರವಾಗಿ ಪೇರಿಸಿ ಕಟ್ಟಿದ ಗೋಡೆ ನಿಲ್ಲುವುದಿಲ್ಲವಷ್ಟೆ. ಹಾಗೆಯೇ ಕೇಡಿಗರು ಬಿದ್ದಮೇಲೆ ಏಳದಿರಲಿ ಎಂಬುದು ಪೂರ್ವಿಕರ ಆಶಯ. ಇನ್ನು ಕೆಲವು ಲಿಪಿಕಾರರು, ಆರಂಭದ್ದನ್ನೂ ಮತ್ತೊಂದೆರಡನ್ನೂ ಬಿಟ್ಟು ಪ್ರತಿಯೊಂದು ಕಂಬವೂ ‘ಅರಸನು’ ಎಂಬ ಪದದಿಂದಲೇ ಮೊದಲಾಗುವಂತೆ ಅಕ್ಷರಗಳನ್ನು ಹಿಗ್ಗಿಸಿ ಕುಗ್ಗಿಸಿ ಬರೆಯುತ್ತಿದ್ದರು. ಓದುವವನಿಗೆ ಅದು ಅಹಷ್ವೇರೋಷ. ಭಾವಿಸುವವನಿಗೆ ಹೆಸರು ಹೇಳದ ಇನ್ನೊಬ್ಬ ಅರಸ. ಎಸ್ತೇರಳು ಅರಸನನ್ನು ಔತಣಕ್ಕೆ ಕರೆಯುವ ಮಾತಿನಲ್ಲಿ ಒಂದರ ಹಿಂದೊಂದು ಬರುವ ನಾಲ್ಕು ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ದೇವರ ನಾಲ್ಕಕ್ಷರದ ನಾಮವಾಗುತ್ತದೆ. ಕೆಲವು ಸುರುಳಿಗಳಲ್ಲಿ ಆ ನಾಲ್ಕು ಅಕ್ಷರಗಳನ್ನು ಮಾತ್ರ ದೊಡ್ಡದಾಗಿ ಬರೆದಿರುತ್ತಾರೆ. ಎಸ್ತೇರ್ ಎಂಬ ಹೆಸರನ್ನೇ ಹಳೆಯ ಪಂಡಿತರು ‘ಮರೆಯಾಗು’ ಎಂಬರ್ಥದ ಹೀಬ್ರೂ ಧಾತುವಿಗೆ ಹೊಂದಿಸಿ ನೋಡಿದ್ದಾರೆ.

ಎಸ್ತೇರಳ ಕಥೆಯ ಚಿತ್ರಗಳು ಸುರುಳಿಗಿಂತ ಬಹಳ ಹಿಂದೆಯೇ ಗೋಡೆಯ ಮೇಲಿದ್ದವು. ಸಿರಿಯಾದೇಶದ ದೂರಾ ಯೂರೋಪಸ್ ಎಂಬಲ್ಲಿ ೧೯೩೨ರಲ್ಲಿ ಉತ್ಖನನದಿಂದ ಬೆಳಕಿಗೆ ಬಂದ ಸಭಾಮಂದಿರದಲ್ಲಿ ಕ್ರಿ. ಶ. ೨೪೪–೪೫ರ ಸುಮಾರಿನ ಭಿತ್ತಿಚಿತ್ರಗಳಿವೆ. ಅವುಗಳಲ್ಲಿ ಬಿಳಿಯ ಕುದುರೆಯನ್ನೇರಿದ ಮೊರ್ದೆಕೈಯನ್ನೂ, ಆ ಕುದುರೆಯನ್ನು ಹಿಡಿದು ನಡೆಸುವ ಹಾಮಾನನನ್ನೂ ಕಾಣಬಹುದು. ಮಧ್ಯಯುಗದಲ್ಲಿ ಯೆಹೂದ್ಯರು ಹಾಳೆ ಮಗುಚುವ ಪುಸ್ತಕಗಳಿಗೆ ಬಂಗಾರ ಬಣ್ಣಗಳನ್ನು ಧಾರಾಳವಾಗಿ ಬಳಸಿದರು. ಸುರುಳಿ ಮಾತ್ರ ಬಹುಕಾಲ ಬರಿಯ ಕಪ್ಪುಬಿಳುಪಾಗಿಯೇ ಉಳಿಯಿತು. ಇಸವಿ ತಿಳಿದಿರುವ ಅಲಂಕೃತ ಮೆಗಿಲ್ಲಾಗಳಲ್ಲಿ ಅತ್ಯಂತ ಹಳೆಯದು ೧೫೬೪ರದು, ವೆನಿಸ್ ನಗರದ್ದು. ಈಗ ಅದು ಜ್ಯೂರಿಕ್ಕಿನ ಬ್ರಾಗಿನ್‌ಸ್ಕಿ ಸಂಗ್ರಹದಲ್ಲಿದೆ. ಅದನ್ನು ಬರೆದು ಮುಗಿಸಿ ಸಹಿ ಮಾಡಿದ ಕೈ ಹೆಂಗಸಿನದು: ಮೆನಾಹೇಮನ ಮಗಳು ಸ್ತೆಲ್ಲಿನಾ. ಸ್ತೆಲ್ಲಾ ಎಂದರೆ ಇಟಲಿಯ ಭಾಷೆಯಲ್ಲಿ ನಕ್ಷತ್ರ. ಎಸ್ತೇರ್ ಎಂಬ ಹೆಸರನ್ನೂ ನಕ್ಷತ್ರವೆಂಬರ್ಥದ ಪಾರಸಿ ಶಬ್ದಕ್ಕೆ ಜೋಡಿಸುವವರುಂಟು. ತೋರಾವನ್ನು ಬರೆಯುವ ಅಧಿಕಾರವನ್ನು ಸಂಪ್ರದಾಯ ಹೆಂಗಸರಿಗೆ ಕೊಟ್ಟಿರಲಿಲ್ಲ. ಎಸ್ತೇರಳ ಸುರುಳಿಯ ವಿಷಯದಲ್ಲಿ ಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿತ್ತು. ಆ ಭಿನ್ನಾಭಿಪ್ರಾಯದ ಸಂದಿಯಲ್ಲಿ ಒಬ್ಬಳ ಹೆಸರು ನಮ್ಮವರೆಗೆ ಬಂದು ಮುಟ್ಟಿದೆ.

ಆ ಕಾಲದ ವೆನಿಸ್ ಎಂಥದು? ಅಲ್ಲಿಯ ಆಡಳಿತ ೧೫೧೬ರಲ್ಲಿ ಯೆಹೂದ್ಯರೆಲ್ಲ ನಗರದ ಒಂದು ಮೂಲೆಯಲ್ಲೇ ವಾಸಿಸಬೇಕೆಂದು ವಿಧಿಸಿತು. ಘೆಟ್ಟೊ ಎಂಬ ಮಾತು ಜಗತ್ತಿಗೆ ಪರಿಚಯವಾದದ್ದು ಆ ಸ್ಥಳದಿಂದ. ರಾತ್ರಿಯಾದೊಡನೆ ಅದರ ಬಾಗಿಲುಗಳಿಗೆ ಬೀಗ ಬೀಳುತ್ತಿತ್ತು. ನೆಪೋಲಿಯನ್ನನ ಸೈನ್ಯ ೧೭೯೭ರಲ್ಲಿ ಬರುವ ತನಕವೂ ಈ ಕಟ್ಟು ನಡೆಯಿತು. ಬೀಗದ ಒಳಗೆ ಕುಳಿತು ಬರೆಸಿದ ಸುರುಳಿಗಳ ಅಂಚಿನಲ್ಲಿ ಕಾಣುವುದಾದರೂ ಏನು? ವಿಶಾಲವಾದ ಕಮಾನುಗಳು, ಕಂಬಸಾಲುಗಳು, ಹೂಕುಂಡಗಳು, ನವಿಲುಗಳು, ದೂರದ ಬೆಟ್ಟಗಳು. ಫೆರಾರಾದ ಮೋಶೆ ಪೆಸ್ಕರೋಲ್ ಎಂಬವನು ೧೬೧೦ರ ದಶಕದಲ್ಲಿ ಬರೆದ ಸುರುಳಿಗಳಲ್ಲಿ ಕಥೆಯ ಸನ್ನಿವೇಶಗಳೇ ಚಿತ್ರವಾಗಿ ಬಂದವು. ಕೆಲವು ಕುಶಲರು ತೊಗಲಿನ ಅಂಚನ್ನೇ ಸಣ್ಣ ಕತ್ತಿಯಿಂದ ಜಾಲರಿಯಂತೆ ಕೊರೆದು, ಹಿಂದೆ ಬಣ್ಣದ ರೇಷ್ಮೆಯನ್ನು ಅಂಟಿಸಿದರು.

ಮಾಂಟುವಾದಲ್ಲಿ ಹುಟ್ಟಿ ಆಮ್‌ಸ್ಟರ್‌ಡಾಮಿಗೆ ಬಂದು ನೆಲಸಿದ ಶಾಲೋಮ್ ಇಟಾಲಿಯಾ ಎಂಬ ಕಲಾವಿದನು ೧೬೪೦ರ ದಶಕದಲ್ಲಿ ಹೊಸದೊಂದು ಹಾದಿಯನ್ನು ತೆರೆದನು. ಸುರುಳಿಯ ಉದ್ದಕ್ಕೂ ವಿಜಯತೋರಣಗಳ ಸಾಲು, ಪ್ರತಿ ತೋರಣದ ಕೆಳಗೆ ಬರವಣಿಗೆಯ ಒಂದು ಕಂಬ, ತೋರಣಗಳ ನಡುನಡುವೆ ಎಸ್ತೇರ್ ಮೊರ್ದೆಕೈ ಮುಂತಾದವರ ನಿಂತ ಮೂರ್ತಿಗಳು: ಇಂಥ ಅಂಚನ್ನು ಅವನು ತಾಮ್ರದ ಹಲಗೆಯಲ್ಲಿ ಕೊರೆದು ತೊಗಲಿನ ಮೇಲೆ ಅಚ್ಚುಹಾಕಿಸಿದನು. ಆದರೆ ಆ ತೋರಣದ ಒಳಗಿನ ಬರಹವನ್ನು ಲಿಪಿಕಾರನು ಕೈಯಿಂದಲೇ ತುಂಬಬೇಕಾಗಿತ್ತು. ಅಚ್ಚಿನ ಅಕ್ಷರವನ್ನು ಓದಿದರೆ ಹಬ್ಬದ ವಿಧಿ ಸಲ್ಲುವುದಿಲ್ಲ. ಉಳಿದ ಪುಸ್ತಕಗಳಲ್ಲಿ ಯಂತ್ರ ಅಕ್ಷರವನ್ನು ಅಚ್ಚುಹಾಕುತ್ತಿತ್ತು, ಚಿತ್ರಕ್ಕೆ ಬಣ್ಣ ತುಂಬುವ ಕೆಲಸ ಕೈಗೆ ಉಳಿಯುತ್ತಿತ್ತು. ಇಲ್ಲಿ ಅದು ತಿರುಗುಮುರುಗಾಯಿತು. ಕೊಳ್ಳುವವನ ಶಕ್ತಿ ಕಡಿಮೆಯಾಗಿದ್ದರೂ ಅವನಿಗೊಂದು ಚೆಂದದ ಸುರುಳಿ ದೊರೆಯುವಂತಾಯಿತು ಎಂಬ ಲಾಭವೂ ಇದರಿಂದ ಆಯಿತು.

ಹದಿನೆಂಟನೆಯ ಶತಮಾನದಲ್ಲಿ ಮುದ್ರಣ ಎಲ್ಲೆಡೆ ಹರಡಿದ ಮೇಲೆ ಕೈಯ ಕೆಲಸ ಸತ್ತುಹೋಗಲಿಲ್ಲ. ಮಧ್ಯ ಯೂರೋಪಿನಲ್ಲಿ ಅದಕ್ಕೆ ಮತ್ತೆ ಚಿಗುರೊಡೆಯಿತು. ಪೋಲೆಂಡಿನ ಗೊರಾಯ್ ಎಂಬ ಊರಿನ ಆರ್ಯೆ ಲೈಬ್ ಬೆನ್ ದಾನಿಯೇಲ್ ವೆನಿಸ್ಸಿಗೆ ಹೋಗಿ, ಕಂದುಮಸಿಯಲ್ಲಿ ಸೂಕ್ಷ್ಮವಾದ ಗೆರೆಗಳಿಂದ ಚಿತ್ರಿಸಿದ ಸುರುಳಿಗಳಿಗೆ ತನ್ನ ಹೆಸರನ್ನೂ ಊರನ್ನೂ ಬರೆದಿಟ್ಟಿದ್ದಾನೆ. ಮೊರಾವಿಯಾದ ಗೆವಿಚ್ ಎಂಬಲ್ಲಿಂದ ಬಂದ ಆರೋನ್ ವುಲ್ಫ್ ಹೆರ್ಲಿಂಗೆನ್ ವಿಯೆನ್ನದ ಸಾಮ್ರಾಟರ ಗ್ರಂಥಾಲಯದಲ್ಲಿ ಲಿಪಿಕಾರನಾಗಿದ್ದವನು. ಎಸ್ತೇರಳದೂ ಸೇರಿ ಪವಿತ್ರಗ್ರಂಥದ ಐದು ಚಿಕ್ಕ ಸುರುಳಿಗಳ ಪಾಠವನ್ನು ಒಂದೇ ಹಾಳೆಯ ಮೇಲೆ, ಹೀಬ್ರೂ, ಲ್ಯಾಟಿನ್, ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ ಬರೆದು ಅವನು ಹೆಸರಾದನು.

ಈ ಚಿತ್ರಗಳಲ್ಲಿ ನೋಡುವವರ ಗಮನವನ್ನು ಮೊದಲು ಸೆಳೆಯುವುದು ಉಡುಗೆತೊಡುಗೆ. ಕಥೆ ನಡೆಯುವುದು ಪಾರಸಿಕ ದೇಶದಲ್ಲಿ. ಆದರೆ ಅಹಷ್ವೇರೋಷನ ತಲೆಯ ಮೇಲೆ ಕೆಲವೊಮ್ಮೆ ಜರ್ಮನ್ ಅರಸನ ಕೃತಕ ಕೇಶ, ಕೆಲವೊಮ್ಮೆ ತುರುಕರ ಸುಲ್ತಾನನ ಪೇಟ. ಎಸ್ತೇರಳು ಇಟಲಿಯ ಶ್ರೀಮಂತರ ಮನೆಯ ಹೆಣ್ಣಿನಂತೆ ಬಿಗಿಕುಪ್ಪಸ ತೊಟ್ಟಿರುತ್ತಾಳೆ. ಮೊರ್ದೆಕೈಯ ಮೆರವಣಿಗೆ ಸಾಗುವುದು ಚಿತ್ರಕಾರನ ಊರಿನ ಬೀದಿಯಲ್ಲಿ. ಉಪ್ಪರಿಗೆಯ ಕಿಟಕಿಯಿಂದ ಒಬ್ಬಳು ಮೂತ್ರದ ಪಾತ್ರೆಯನ್ನು ಕೆಳಗೆ ಸುರಿಯುತ್ತಿರುತ್ತಾಳೆ. ಅವಳು ಹಾಮಾನನ ಮಗಳು. ಕುದುರೆಯ ಮೇಲಿರುವವನು ತನ್ನ ತಂದೆಯೆಂದೂ, ಕುದುರೆಯನ್ನು ಹಿಡಿದವನು ಮೊರ್ದೆಕೈಯೆಂದೂ ಭ್ರಮಿಸಿ ತಂದೆಯ ತಲೆಯ ಮೇಲೆಯೇ ಸುರಿದಳೆಂದು ತಾಲ್ಮೂದ್ ಹೇಳುತ್ತದೆ. ಈ ಪ್ರಸಂಗ ಎಸ್ತೇರಳ ಪುಸ್ತಕದಲ್ಲಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಓದುವಂತಿಲ್ಲ, ಆದರೆ ಅಂಚಿನಲ್ಲಿ ನೋಡಿ ನಗಬಹುದು. ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಗಿರಗಟ್ಟಲೆ ತಿರುಗಿಸಿ, ಕಾಲು ನೆಲಕ್ಕೆ ಬಡಿದು ಗದ್ದಲವೆಬ್ಬಿಸುವುದೂ ಹಬ್ಬದ ಭಾಗವೇ.

ಈ ಗದ್ದಲ ನಮಗೆ ಪೂರ್ತಿ ಅಪರಿಚಿತವಲ್ಲ. ಪೂರಿಮ್ ಬರುವುದು ಆದಾರ್ ಮಾಸದ ಚತುರ್ದಶಿಯಂದು. ಯೆಹೂದ್ಯರ ಪಂಚಾಂಗವೂ ನಮ್ಮದರಂತೆ ಚಂದ್ರನನ್ನು ಅನುಸರಿಸಿ, ಅಧಿಕಮಾಸದಿಂದ ಸೂರ್ಯನೊಡನೆ ಹೊಂದಿಕೊಳ್ಳುವಂಥದು. ಆದ್ದರಿಂದ ಈ ಹಬ್ಬ ಅನೇಕ ವರ್ಷಗಳಲ್ಲಿ ನಮ್ಮ ಕಾಮನ ಹುಣ್ಣಿಮೆಯ ಆಸುಪಾಸಿನಲ್ಲೇ ಬೀಳುತ್ತದೆ. ಕೊಂಕಣ ತೀರದಲ್ಲಿ ಶತಮಾನಗಳಿಂದ ನೆಲಸಿ ಮರಾಠಿಯನ್ನೇ ಮನೆಮಾತಾಗಿ ಮಾಡಿಕೊಂಡ ಬೆನೆ ಇಸ್ರಾಯೇಲರು ಪೂರಿಮನ್ನು ‘ಹೋಳಿಚಾ ಸಣ’, ಎಂದರೆ ಹೋಳಿಯ ಹಬ್ಬ, ಎಂದೇ ಕರೆಯುತ್ತಿದ್ದರು. ಇನ್ನೊಂದು ಸಂಗತಿ: ಸುರುಳಿಯನ್ನು ಬಿಚ್ಚಿದರೆ ಮೊದಲ ವಾಕ್ಯದಲ್ಲೇ ನಮ್ಮ ದೇಶದ ಹೆಸರಿದೆ. ಅಹಷ್ವೇರೋಷನ ೧೨೭ ಸಂಸ್ಥಾನಗಳ ಒಂದು ಎಲ್ಲೆ ಕೂಷ್, ಇನ್ನೊಂದು ಎಲ್ಲೆ ಹೋದು. ಸಿಂಧು ಎಂಬ ನಮ್ಮ ನದಿಯ ಹೆಸರೇ ಹೀಬ್ರೂವಿನಲ್ಲಿ ಹೋದು ಆಗಿದೆ.

ಇಲ್ಲಿಯವರೆಗೆ ಚೆಲುವಿನ ಮಾತಾಯಿತು. ಆದರೆ ಈ ಅಂಚುಗಳಲ್ಲಿ ಚೆಲುವಷ್ಟೇ ಇಲ್ಲ. ಹಾಮಾನನ ಹತ್ತು ಮಕ್ಕಳು ಗಲ್ಲುಮರದಲ್ಲಿ ಸಾಲಾಗಿ ತೂಗುವ ದೃಶ್ಯವನ್ನು ಅನೇಕ ಚಿತ್ರಕಾರರು ಬಿಡದೆ ಬರೆದಿದ್ದಾರೆ. ಕಥೆಯ ಕೊನೆಯಲ್ಲಿ ಯೆಹೂದ್ಯರು ತಮ್ಮ ವೈರಿಗಳಲ್ಲಿ ೭೫,೦೦೦ ಮಂದಿಯನ್ನು ಕೊಂದರೆಂಬ ಮಾತೂ ಇದೆ. ಇದನ್ನು ಓದಿ ಮುಜುಗರಪಟ್ಟವರು ಯೆಹೂದ್ಯರಲ್ಲಿಯೂ ಇದ್ದಾರೆ. ಹತ್ತು ಹೆಸರುಗಳನ್ನೂ ಒಂದೇ ಉಸಿರಿನಲ್ಲಿ ಓದಬೇಕೆಂದು ವಿಧಿಯಿದೆ. ಹತ್ತು ಮಂದಿಯೂ ಒಟ್ಟಿಗೇ ಸತ್ತರೆಂಬುದು ಅದಕ್ಕೆ ಹಳೆಯ ಕಾರಣ. ಶತ್ರುವಿನ ಸಾವನ್ನು ಚಪ್ಪರಿಸುತ್ತ ನಿಲ್ಲಬಾರದೆಂಬುದು ಇನ್ನೊಂದು ವಿವರಣೆ. ಚಿತ್ರಕಾರನಿಗೆ ಉಸಿರಿನ ಈ ಕಟ್ಟಿರಲಿಲ್ಲ. ಅವನು ನಿಧಾನವಾಗಿ, ಒಬ್ಬೊಬ್ಬನ ಮುಖವನ್ನೂ ಬೇರೆಬೇರೆಯಾಗಿ ಬರೆದನು. ಅದನ್ನು ಕ್ರೌರ್ಯವೆನ್ನೋಣವೇ? ರಾತ್ರಿ ಹೊರಗಿನಿಂದ ಬೀಗ ಹಾಕಿಸಿಕೊಂಡು ಮಲಗುವ ಜನ, ಕತ್ತಿಯನ್ನು ಎತ್ತಲಾರದವರು, ವರ್ಷಕ್ಕೊಮ್ಮೆ ತೊಗಲಿನ ಮೇಲೆ ಕಂಡುಕೊಂಡ ನ್ಯಾಯ ಅದು. ಬಲವಿಲ್ಲದವನ ಕನಸಿನ ಸೇಡನ್ನು ಬಲವುಳ್ಳವನ ಸೇಡಿನ ತಕ್ಕಡಿಯಲ್ಲೇ ತೂಗುವುದು ಸರಿಯಾಗಲಾರದು. ಆದರೂ ಅದು ಸೇಡೇ ಎಂಬುದನ್ನು ಮರೆಯುವುದೂ ಸರಿಯಲ್ಲ. ಆ ಚಿತ್ರಗಳ ಮುಂದೆ ನಿಂತಾಗ ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದುಕೊಂಡಿರಬೇಕಾಗುತ್ತದೆ.

ನಿಜವಾದ ಬಲವುಳ್ಳವರು ಇದೇ ಕಥೆಯನ್ನು ಹೇಗೆ ಬಳಸಿದರೆಂಬುದಕ್ಕೆ ಚರಿತ್ರೆಯಲ್ಲಿ ದಾಖಲೆಯಿದೆ. ಜರ್ಮನಿಯ ನಾಜಿಗಳು ಪೋಲೆಂಡಿನ ಜ್ದುನ್‌ಸ್ಕಾ ವೋಲಾ ಎಂಬ ಪಟ್ಟಣದಲ್ಲಿ ೧೯೪೨ರ ಪೂರಿಮ್ ವೇಳೆಗೆ ಹತ್ತು ಮಂದಿ ಯೆಹೂದ್ಯರನ್ನು ಸಾರ್ವಜನಿಕವಾಗಿ ಗಲ್ಲಿಗೇರಿಸಿದರು. ಹಾಮಾನನ ಹತ್ತು ಮಕ್ಕಳಿಗೆ ಇದು ಪ್ರತೀಕಾರವೆಂದರು. ಹೆರ್ಲಿಂಗೆನ್ ಹುಟ್ಟಿದ ಮೊರಾವಿಯಾದ ಮತ್ತು ಬೊಹೀಮಿಯಾದ ಯೆಹೂದ್ಯರಲ್ಲಿ ೭೭,೦೦೦ಕ್ಕೂ ಹೆಚ್ಚು ಮಂದಿ ಆ ವರ್ಷಗಳಲ್ಲಿ ಹತರಾದರು. ಅವರ ಹೆಸರುಗಳನ್ನು ಪ್ರಾಗ್ ನಗರದ ಪಿಂಕಾಸ್ ಸಭಾಮಂದಿರದ ಗೋಡೆಗಳ ಮೇಲೆ ಕೈಯಿಂದ ಬರೆದಿದ್ದಾರೆ. ಜನರನ್ನು ಸಾಗಿಸಿದ ಮೇಲೆ ಊರೂರಿನ ಸಭಾಮಂದಿರಗಳ ವಸ್ತುಗಳನ್ನೆಲ್ಲ ಪ್ರಾಗಿನ ಯೆಹೂದ್ಯ ವಸ್ತುಸಂಗ್ರಹಾಲಯಕ್ಕೆ ತಂದು ತುಂಬಲಾಯಿತು. ಅವುಗಳಿಗೆ ಚೀಟಿ ಅಂಟಿಸಿ ಪಟ್ಟಿ ಮಾಡಿದ ಯೆಹೂದ್ಯ ವಿದ್ವಾಂಸರಲ್ಲಿ ಹೆಚ್ಚಿನವರನ್ನೂ ಆಮೇಲೆ ಸಾಗಿಸಿಬಿಟ್ಟರು. ಅಲ್ಲಿ ಉಳಿದಿದ್ದ ೧,೫೬೪ ತೋರಾ ಸುರುಳಿಗಳು ೧೯೬೪ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭಾಮಂದಿರವನ್ನು ಸೇರಿದವು. ಓದುವ ಊರುಗಳು ಇಲ್ಲವಾಗಿ ಸುರುಳಿಗಳು ಮಾತ್ರ ಉಳಿದಿದ್ದವು. ಅವುಗಳಲ್ಲಿ ಅನೇಕವನ್ನು ಲಿಪಿಕಾರರು ತಿದ್ದಿ ನೇರ್ಪಡಿಸಿದ ಮೇಲೆ ಬೇರೆ ದೇಶಗಳ ಸಭೆಗಳಿಗೆ ಕಳುಹಿಸಲಾಗಿದೆ.

ಎಸ್ತೇರಳ ಚಿತ್ರಸುರುಳಿಗಳಲ್ಲಿ ಬಹುಪಾಲು ಇಂದು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿವೆ. ಅವುಗಳನ್ನು ಪೂರ್ತಿ ಬಿಡಿಸಿ ಉದ್ದಕ್ಕೂ ಹಾಸಿಟ್ಟರೆ ನಾವು ಎಲ್ಲ ಚಿತ್ರಗಳನ್ನೂ ಒಂದೇ ನೋಟದಲ್ಲಿ ನೋಡಬಹುದು. ಬರೆಸಿಕೊಂಡವರು ಅವನ್ನು ನೋಡಿದ ಬಗೆ ಬೇರೆ. ಒಂದು ಕೈಯಲ್ಲಿ ದಂಡವನ್ನು ಹಿಡಿದು, ಓದುವವನ ದನಿ ಮುಂದುವರಿದಂತೆ ಒಂದೊಂದೇ ಕಂಬವನ್ನು ಅವರು ಹೊರಗೆಳೆಯುತ್ತಿದ್ದರು. ಮುಂದಿನ ಚಿತ್ರದಲ್ಲಿ ಬಿಡುಗಡೆ ಇದೆಯೆಂದು ಅವರಿಗೆ ಗೊತ್ತಿತ್ತು. ಆದರೂ ಅದು ಇನ್ನೂ ಸುರುಳಿಯೊಳಗೆ ಮಡಿಸಿಯೇ ಇರುತ್ತಿತ್ತು. ಕೆಲವು ಸುರುಳಿಗಳ ತುದಿಯಲ್ಲಿ ಕಥೆಗೆ ಸೇರದ ಒಂದು ಚಿತ್ರವಿರುತ್ತದೆ: ಯೆರೂಸಲೇಮಿನ ಬಾಗಿಲಿಗೆ ಬರಲಿರುವ ಮೆಸ್ಸೀಯ, ಎಂದರೆ ಇನ್ನೂ ನಡೆಯದ ಸಂಗತಿ. ಶಾಸ್ತ್ರವು ಅಕ್ಷರಗಳಲ್ಲಿ ಒಂದನ್ನೂ ಕೂಡಿಸಲು ಕಳೆಯಲು ಬಿಡಲಿಲ್ಲ. ಅದರಿಂದಲೇ ಆ ಪಾಠ ಶೂಷನ್ನಿನ ಕಾಲವನ್ನು ದಾಟಿ ಬದಲಾಗದೆ ಬಂದಿತು. ಬದಲಾಗುವ ಕಾಲಕ್ಕೆ ಬೇಕಾದ ನಗು, ಸಿಟ್ಟು, ಆಸೆಗಳನ್ನೆಲ್ಲ ಜನ ಅದರ ಪಕ್ಕದ ಬಯಲಿನಲ್ಲಿ ಬರೆದಿಟ್ಟರು. ಇಂದಿಗೂ ಜಗತ್ತಿನ ಅನೇಕ ಊರುಗಳಲ್ಲಿ ಲಿಪಿಕಾರರು ಎಸ್ತೇರಳ ಸುರುಳಿಯನ್ನು ಕೈಯಿಂದಲೇ ಬರೆಯುತ್ತಿದ್ದಾರೆ. ಅಂಚುಗಳಿಗೆ ಹೊಸ ಚಿತ್ರಗಳೂ ಬರುತ್ತಿವೆ. ಆದಾರ್ ಮಾಸದ ಸಂಜೆ ಅವು ಬಿಚ್ಚಿಕೊಳ್ಳುತ್ತವೆ, ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ.